ಕಂಠೆಪ್ಪನ ಹಳದಿ ಪುಡಿ

ಗೋವಾದ ಉಸಗಾಂವದ ತಿರುವಿನಲ್ಲಿದ್ದ ಆ ಔಷಧ ಅಂಗಡಿಗೆ ಇಬ್ಬರು ಫಾರ್ಮಸಿಸ್ಟರು. ಒಬ್ಬ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ. ಇನ್ನೊಬ್ಬ ಕೌಂಟರಿನ ಹಿಂದೆ, ಬನಿಯನ್ನಿನ ಮೇಲೆ. ಗೋಡೆಯ ಮೇಲಿದ್ದವನಿಗೆ ಸರ್ಕಾರದ ಮುದ್ರೆ ಬಿದ್ದ ಸರ್ಟಿಫಿಕೇಟಿತ್ತು. ಪಣಜಿಯಲ್ಲಿ ಬೇರೇನೋ ವ್ಯಾಪಾರ ಮಾಡಿಕೊಂಡಿದ್ದ ಆ ಮನುಷ್ಯ ವರ್ಷಕ್ಕೊಮ್ಮೆ ಚೌತಿಯ ಆಸುಪಾಸು ಬಂದು, ಪಾತ್ರಾಂವ್ ಕೊಟ್ಟ ಚಹಾ ಕುಡಿದು, ತನ್ನ ಹೆಸರಿನ ಮೇಲೆ ಕೂತ ಕೆಂಪು ಧೂಳನ್ನು ಕರವಸ್ತ್ರದಿಂದ ಒರೆಸಿ ಹೋಗುತ್ತಿದ್ದ. ಪಾತ್ರಾಂವ್ ಅಂದರೆ ಅಂಗಡಿಯ ಮಾಲೀಕ. ಗೋವಾದಲ್ಲಿ ಕೂಳು ಹಾಕುವವರನ್ನೆಲ್ಲ ಹಾಗೇ ಕರೆಯುವುದು. ಕೌಂಟರಿನ ಹಿಂದಿದ್ದವನು ಕಂಠೆಪ್ಪ. ಅವನ ಹತ್ತಿರ ಇದ್ದದ್ದು ವಿಜಾಪುರ ಸೀಮೆಯ ಕನ್ನಡ ಶಾಲೆಯೊಂದರ ಏಳನೇ ಇಯತ್ತೆಯ ಚೀಟಿ. ಅದನ್ನೂ ಅರ್ಧ ಗೆದ್ದಲು ತಿಂದಿತ್ತು.

ಜನ ಗೋಡೆಗೆ ಕೈಮುಗಿಯಲಿಲ್ಲ. ಕಂಠೆಪ್ಪನಿಗೆ ಮುಗಿದರು.

ಎಪ್ಪತ್ತಾರರಲ್ಲಿ ಅಪ್ಪನ ಜೊತೆ ಬಾರ್ಜಿಗೆ, ಅಂದರೆ ಹೊಳೆಯ ಸರಕು ದೋಣಿಗೆ, ಅದಿರು ತುಂಬುವ ಕೆಲಸಕ್ಕೆ ಬಂದವನು. ಒಂದು ಮಳೆಗಾಲ ಬುಟ್ಟಿ ಹೊತ್ತದ್ದಕ್ಕೇ ಕತ್ತು ಸೊಟ್ಟಗಾಯಿತು. ಕತ್ತಿಗೆ ಹಚ್ಚುವ ಮುಲಾಮು ಕೇಳಲು ಅಂಗಡಿಗೆ ಹೋದವನು ಅಲ್ಲೇ ಕಸ ಹೊಡೆಯಲು ನಿಂತ. ಆಗಿದ್ದ ಮುದಿ ಕಂಪೌಂಡರನಿಗೆ ಕೈ ನಡುಗುತ್ತಿತ್ತು. ಅವನ ಕೈ ನಡುಗಿದಷ್ಟೂ ಕಂಠೆಪ್ಪನ ಕೈ ಗಟ್ಟಿಯಾಯಿತು. ಎಂಬತ್ತರ ಹೊತ್ತಿಗೆ ಮುದುಕ ಸತ್ತ, ಅಂಗಡಿ ಕಂಠೆಪ್ಪನ ಕೈಗೆ ಬಂತು.

ಅವನ ವಿದ್ಯೆ ಸಣ್ಣದಲ್ಲ. ಪೋಂಡಾದ ಡಾಕ್ಟರು ಬರೆದ ಚೀಟಿ ಅಂದರೆ ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗಿರುತ್ತಿತ್ತು. ಕಂಠೆಪ್ಪ ಅದನ್ನು ಕಣ್ಣು ಕಿರಿದು ಮಾಡದೆ ಓದುತ್ತಿದ್ದ. ಓದುತ್ತಿದ್ದ ಅನ್ನುವುದೂ ಪೂರ್ತಿ ಸರಿಯಲ್ಲ. ಅವನು ಓದುತ್ತಿದ್ದದ್ದು ಡಾಕ್ಟರನ್ನು. ಈ ಡಾಕ್ಟರು ಮಳೆಗಾಲದಲ್ಲಿ ಏನು ಬರೆಯುತ್ತಾರೆ, ಹೆಂಡತಿ ತವರಿಗೆ ಹೋದಾಗ ಏನು ಬರೆಯುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಲೈಟು ಹೋದರೆ ಗುಳಿಗೆಯ ಪಟ್ಟಿಯನ್ನು ಬೆರಳಲ್ಲಿ ಸವರಿ ಹೆಸರು ಹೇಳುತ್ತಿದ್ದ. ಓದು ಬಾರದ ಹೆಂಗಸರಿಗೆ ಗುಳಿಗೆಯ ಪೊಟ್ಟಣಕ್ಕೆ ದಾರ ಕಟ್ಟಿಕೊಡುತ್ತಿದ್ದ: ಒಂದು ಗಂಟಾದರೆ ಮುಂಜಾನೆ, ಎರಡು ಗಂಟಾದರೆ ಸಂಜೆ. ಗಂಡನಿಗೆ ಅಂತ ಔಷಧ ಕೇಳಿದ ಹೆಂಗಸಿನ ಮುಖ ನೋಡಿ, ಅದು ಅವಳಿಗೇ ಬೇಕಾದದ್ದು ಅಂತ ತಿಳಿದು, ಬೇರೆ ಮಾತಾಡದೆ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಇದನ್ನೆಲ್ಲ ಯಾವ ಕಾಲೇಜು ಕಲಿಸೀತು?

ಸಾವಿರ ಔಷಧಗಳ ಹೆಸರನ್ನು ಅವನು ಇಂಗ್ಲಿಷಿನಲ್ಲಿ ಓದಬಲ್ಲವನಾಗಿದ್ದ. ಇಂಗ್ಲಿಷಿನ ಒಂದು ವಾಕ್ಯ ಮಾತ್ರ ಓದಲು ಬರುತ್ತಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ. ಔಷಧ ಅಂಗಡಿಯಲ್ಲಿ ವಾಕ್ಯ ಓದುವ ಪ್ರಸಂಗವೇ ಬರುವುದಿಲ್ಲ.

ಅವನ ದೊಡ್ಡ ಹೆಸರು ನಿಂತಿದ್ದು ಹಳದಿ ಪುಡಿಯ ಮೇಲೆ. ಟೆಟ್ರಾಸೈಕ್ಲಿನ್ ಅನ್ನುವ ಕ್ಯಾಪ್ಸೂಲು, ಸಾವಿರದ ಡಬ್ಬಿಯಲ್ಲಿ ಬರುತ್ತಿತ್ತು, ಅಗ್ಗ. ಮಕ್ಕಳು ಕ್ಯಾಪ್ಸೂಲು ನುಂಗುವುದಿಲ್ಲ. ಮುದಿ ಕಂಪೌಂಡರ್ ಕಲಿಸಿದ್ದ ಹಾಗೆ ಕಂಠೆಪ್ಪ ಅದನ್ನು ಬಿಚ್ಚಿ, ಒಳಗಿನ ಹಳದಿ ಪುಡಿಯನ್ನು ಗಾಜಿನ ಮೇಲೆ ಸುರಿದು, ಚಾಕುವಿನ ಅಂಚಿನಿಂದ ನಾಲ್ಕು ಪಾಲು ಮಾಡುತ್ತಿದ್ದ. ತಕ್ಕಡಿಯಲ್ಲಿಟ್ಟರೂ ಒಂದು ಕೂದಲಿನಷ್ಟು ಹೆಚ್ಚು ಕಡಿಮೆ ಬರಬಾರದು, ಹಾಗೆ. ಪ್ರತಿ ಪಾಲನ್ನೂ ಚೌಕ ಕಾಗದದಲ್ಲಿ ಮಡಿಚಿ ಪೊಟ್ಟಣ. ಕಾಗದಕ್ಕೂ ಅವನು ಪೇಟೆಗೆ ಹೋದವನಲ್ಲ. ಡಬ್ಬಿಯೊಳಗೆ ಒಂದು ತೆಳು ಕಾಗದ ಮಡಿಚಿಟ್ಟು ಬರುತ್ತದಲ್ಲ, ಎರಡೂ ಕಡೆ ಇರುವೆ ಸಾಲಿನಂಥ ಅಚ್ಚು, ಅದನ್ನು ಕತ್ತರಿಸಿದರೆ ಹದಿನಾರು ಚೌಕ. ನಯವಾದ ಕಾಗದ, ಪುಡಿ ಅಂಟುವುದಿಲ್ಲ. ಡ್ರಾಯರಿನ ತುಂಬ ಅಂಥ ಚೌಕಗಳಿದ್ದವು.

ಎಂಬತ್ತೊಂದರ ಮಳೆಗಾಲದಲ್ಲಿ ಪರಮಣ್ಣನ ಹೆಂಡತಿ ಹನುಮವ್ವ ಎರಡು ವರ್ಷದ ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಪರಮಣ್ಣ ಬಾರ್ಜಿನ ಕೂಲಿ, ಕಂಠೆಪ್ಪನ ಅಪ್ಪನ ಜೊತೆ ಬುಟ್ಟಿ ಹೊತ್ತವನು. ಕೂಸಿನ ಎದೆ ತಿದಿಯ ಹಾಗೆ ಏಳುತ್ತಿತ್ತು. ಅದಿರಿನ ಲಾರಿ ಕೆಸರಿನಲ್ಲಿ ಅಡ್ಡಬಿದ್ದು ಪೋಂಡಾದ ರಸ್ತೆ ಕಟ್ಟಿತ್ತು.

"ಕಂಠೆಪ್ಪ, ಏನರೆ ಮಾಡೋ. ಇದು ಹ್ವಾದ್ರ ನಾನೂ ಹೊಳಿಗೆ ಹಾರ್ತೇನಿ."

"ಹೊಳಿ ತುಂಬ ಬಾರ್ಜ್ ಅದಾವ, ಎಲ್ಲಿ ಹಾರ್ತಿ? ಕುಂದ್ರು."

ಹಳದಿ ಪುಡಿ, ಸಕ್ಕರೆ ನೀರಿನಲ್ಲಿ. ದಿನಕ್ಕೆ ನಾಲ್ಕು ಸಲ. ಐದನೇ ದಿನ ಕೂಸು ಅಳುವಷ್ಟು ಗಟ್ಟಿಯಾಯಿತು. ಹೆಸರು ಸತ್ಯವ್ವ. ಆವತ್ತಿನಿಂದ ಬಾರ್ಜಿನ ದಂಡೆಯ ತಗಡಿನ ಗುಡಿಸಲುಗಳಲ್ಲಿ, ಗೋವಾದವರು ಘಾಟಿಗಳ ವಾಡೊ, ಘಟ್ಟದ ಮೇಲಿನವರ ಕೇರಿ, ಅನ್ನುತ್ತಿದ್ದ ಆ ನಮ್ಮ ಮಂದಿಯ ವಸತಿಯಲ್ಲಿ, ಕೂಸಿಗೆ ಕೆಮ್ಮು ಬರಲಿ, ಭೇದಿ ಆಗಲಿ, ಕಿವಿ ಸೋರಲಿ, ಕಂಠೆಪ್ಪನ ಪುಡಿ. ಸತ್ಯವ್ವನಿಗೇ ಆರು ವರ್ಷವಾಗುವ ತನಕ ಮಳೆಗಾಲಕ್ಕೆ ಎರಡು ಸಲ. ಗೋಮಿಬಾಯಿ ಅನ್ನುವ ಒಬ್ಬ ಲಂಬಾಣಿ ಮುದುಕಿ ಮಾತ್ರ "ನಿನ್ನ ಅರಿಷಿಣ ನಮಗ ಬ್ಯಾಡೋ" ಅಂತ ಬೇರು ಅರೆದು ಕುಡಿಸುತ್ತಿದ್ದಳು. ಕಂಠೆಪ್ಪ ನಗುತ್ತಿದ್ದ. ಅವನ ಸ್ವಂತ ಮಕ್ಕಳು ಊರಿನಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದರು. ಅವರಿಗೆ ಪುಡಿ ಕೊಡುವ ಯೋಗ ಬರಲಿಲ್ಲ.

ತೊಂಬತ್ತಾರರಲ್ಲಿ ಔಷಧ ಇಲಾಖೆಯ ಇನ್‌ಸ್ಪೆಕ್ಟರೊಬ್ಬ ಬಂದು ಗೋಡೆಯ ಕಡೆ ಕೈಮಾಡಿ, "ಈ ಮನುಷ್ಯ ಎಲ್ಲಿ?" ಅಂತ ಕೇಳಿದ. ಮುಂದಿನ ತಿಂಗಳು ಚೌಕಟ್ಟು ಗೋಡೆಯಿಂದ ಇಳಿಯಿತು. ಅದರ ಜಾಗಕ್ಕೆ ಜೀವ ಇರುವ ಫಾರ್ಮಸಿಸ್ಟ್ ಬಂದಳು. ಮುಮ್ತಾಜ, ಇಪ್ಪತ್ನಾಲ್ಕು ವರ್ಷ. ತಾಯಿ ಹಜರತಬಿ ಪೋಂಡಾದಲ್ಲಿ ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊತ್ತು ಮಗಳನ್ನು ಓದಿಸಿದವಳು. ಬೇರು ಅದೇ ವಿಜಾಪುರ ಸೀಮೆಯ ಇಂಡಿ ತಾಲೂಕಿನದು. ಇದು ಕಂಠೆಪ್ಪನಿಗೆ ಇನ್ನೂ ಉರಿಯಿತು. ಪಣಜಿಯ ಬಿಳಿ ಅಂಗಿಯವನು ಮೇಲೆ ಕೂತಿದ್ದರೆ ಸಹಿಸಬಹುದಿತ್ತು. ಇಟ್ಟಿಗೆ ಹೊತ್ತವಳ ಮಗಳು ಬಂದು, ತಾನು ಇಪ್ಪತ್ತು ವರ್ಷ ಸವೆಸಿದ ಸ್ಟೂಲಿನ ಮೇಲೆ ಕೂರುವುದೇ?

ಮೊದಲನೇ ವಾರವೇ ಅವಳ ಮುಂದೆ ಪೋಂಡಾದ ಒಂದು ಚೀಟಿ ಬಂತು. ಅವಳು ಬೆಳಕಿಗೆ ಹಿಡಿದಳು, ತಿರುಗಿಸಿದಳು.

"ಮೇಡಂ, ತೆಳಗ ಮ್ಯಾಲ ಮಾಡಿ ಹಿಡದೀರಿ," ಅಂದ ಕಂಠೆಪ್ಪ. ಕೌಂಟರಿನ ಮುಂದಿದ್ದ ಲಾರಿ ಡ್ರೈವರು ಹಲ್ಲು ಕಿಸಿದ. "ಕಾಲೇಜಿನ್ಯಾಗ ಡಾಕ್ಟರ್ ಅಕ್ಷರ ಕಲಸಂಗಿಲ್ಲೇನ್ರಿ? ಕೊಡ್ರಿ ಇಲ್ಲೆ."

ಓದಿದ, ತೆಗೆದ, ಕೊಟ್ಟ. ಮುಮ್ತಾಜ ಮುಖ ಕೆಂಪು ಮಾಡಿಕೊಳ್ಳಲಿಲ್ಲ. "ನನಗೂ ಕಲಸ್ರಿ ಕಾಕಾ," ಅಂದಳು. ಅದೂ ಅವನಿಗೆ ಉರಿಯಿತು.

ಅವಳು ಕಲಿತಳು. ದಾರದ ಗಂಟನ್ನು ಕಂಡು ಅವಳು, "ಇದು ಯಾವ ಪುಸ್ತಕದಾಗೂ ಇಲ್ರಿ," ಅಂದಾಗ ಕಂಠೆಪ್ಪನ ಎದೆ ಒಂದು ಬೆರಳು ಉಬ್ಬಿತು. ಆದರೆ ಅವಳಿಗೊಂದು ಕೆಟ್ಟ ಚಟ ಇತ್ತು. ಕೇಳುವುದು. ಮೈಕೈ ನೋವಿನ ಗುಳಿಗೆ ಕೇಳಿದ ಮುದುಕನಿಗೆ, "ಹೊಟ್ಟಿ ಉರೀತೈತೇನ? ಹೊರಕಡೆ ಕರ್ರಗ ಆಗ್ತೈತೇನ?" ಅಂತ ಕೇಳಿದಳು. ಮುದುಕ ನಾಚಿ ಹೌದೆಂದ. ಗುಳಿಗೆ ಕೊಡದೆ ದವಾಖಾನೆಗೆ ಅಟ್ಟಿದಳು. ಕಂಠೆಪ್ಪ ಅದೇ ಮುದುಕನಿಗೆ ಅದೇ ಗುಳಿಗೆಯನ್ನು ಎರಡು ವರ್ಷದಿಂದ ಕೊಡುತ್ತ ಬಂದಿದ್ದ. ಮುದುಕನ ಕರುಳಿನಲ್ಲಿ ಆ ಗುಳಿಗೆಯೇ ಮಾಡಿದ ಹುಣ್ಣು ಸಿಕ್ಕಿತು. ಕಂಠೆಪ್ಪ, "ವಯಸ್ಸಾದ್ಮ್ಯಾಲ ಎಲ್ಲಾರ್ಗೂ ಏನರೆ ಒಂದು ಸಿಗತೈತಿ," ಅಂದ. ಆ ಮಧ್ಯಾಹ್ನ ಮಾತ್ರ ಅವನಿಗೆ ಊಟ ರುಚಿಸಲಿಲ್ಲ.

ಅದೇ ಚಳಿಗಾಲದಲ್ಲಿ ವಸತಿಯಲ್ಲಿ ಹಲ್ಲಿನ ಗದ್ದಲ ಎದ್ದಿತು.

ಸತ್ಯವ್ವನಿಗೆ ಹದಿನೆಂಟು ತುಂಬುತ್ತಿತ್ತು. ಮುದ್ದೇಬಿಹಾಳದ ಕಡೆಯಿಂದ ಗಂಡಿನವರು ಬಂದರು. ಹುಡುಗಿ ಚೆಂದ, ಕೆಲಸಗಾತಿ, ಎಲ್ಲ ಸರಿ. ಚಹಾ ಕೊಡುವಾಗ ಗಂಡಿನ ಸೋದರತ್ತೆ ಏನೋ ತಮಾಷೆ ಮಾಡಿದಳು, ಹುಡುಗಿ ಮರೆತು ನಕ್ಕಳು. ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲ ಹಲ್ಲಿಗೂ ಅಡ್ಡಡ್ಡ ಪಟ್ಟೆ, ತಂಬಾಕಿನ ನೀರಿನಲ್ಲಿ ಅದ್ದಿದ ಹಾಗೆ ಹಳದಿ ಕಂದು. ಗಂಡಿನವರು ಚಹಾ ಅರ್ಧಕ್ಕೇ ಇಟ್ಟು ಎದ್ದರು. "ಹಲ್ಲ ಹಿಂಗ ಇದ್ರ ಒಳಗ ಏನೇನ ರೋಗ ಐತೋ," ಅಂತ ಆ ಸೋದರತ್ತೆ ಬಸ್ಸು ಹತ್ತುವಾಗ ಅಂದದ್ದು ವಸತಿಗೆಲ್ಲ ಕೇಳಿಸಿತು. ಆವತ್ತಿನಿಂದ ಸತ್ಯವ್ವ ಬಾಯಿಗೆ ಸೆರಗು ಹಿಡಿದೇ ಮಾತಾಡುತ್ತಿದ್ದಳು. ತಾಯಿಯ ಜೊತೆಗೂ.

ಪರಮಣ್ಣ ಕೆರಳಿದ. ಸತ್ಯವ್ವನ ಹಲ್ಲು ಮಾತ್ರವಲ್ಲ, ಹತ್ತರಿಂದ ಇಪ್ಪತ್ತರ ಒಳಗಿನ ಮೂವತ್ತು ಹುಡುಗ ಹುಡುಗಿಯರ ಬಾಯಿ ಹಾಗೇ ಇತ್ತು. ಇಷ್ಟು ದಿನ ಯಾರೂ ಲೆಕ್ಕ ಹಿಡಿದಿರಲಿಲ್ಲ. ಗಣಿಯ ಕೆಂಪು ನೀರು ಹಳ್ಳಕ್ಕೆ ಬರುತ್ತದೆ, ಹಳ್ಳದ ಮಗ್ಗುಲಿಗೇ ಬಾವಿ, ಬಾವಿಯ ನೀರು ಕೊಡದಲ್ಲಿ ಕೆಂಪಗೆ ತಳ ಹಿಡಿಯುತ್ತದೆ. ಇನ್ನೇನು ಬೇಕು?

"ಕಂಪನಿ ನಮ್ಮ ಬೆನ್ನ ಮುರಿತು, ಸುಮ್ನಿದ್ವಿ. ಮಕ್ಕಳ ಬಾಯಿಗೂ ಮಣ್ಣ ಹಾಕ್ತಂದ್ರ ಸುಮ್ನಿರಬೇಕೇನ?" ಅಂದ ಪರಮಣ್ಣ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ. "ಮಾಮ್ಲೇದಾರನ ಕಚೇರಿಗೆ ಹೋಗೂಣು. ಕಂಠೆಪ್ಪ, ನೀ ಓದಿದಾಂವ. ನೀ ಹೇಳು, ನೀರಿಂದನ ಆಗಿದ್ದು ಹೌದೋ ಅಲ್ಲೋ?"

ಕಟ್ಟೆಯ ಮೇಲಿದ್ದ ಮಂದಿಯೆಲ್ಲ ಅವನ ಮುಖ ನೋಡಿತು. ಕಂಠೆಪ್ಪ ತಿಳಿದವರ ಹಾಗೆ ಗಂಟಲು ಸರಿಮಾಡಿಕೊಂಡು, "ನೀರಿಂದನ. ಮತ್ಯಾತರಿಂದ ಆಕ್ಕೈತಿ?" ಅಂದ. ಹೆಸರಿನ ಪಟ್ಟಿಯನ್ನು ಅವನೇ ತನ್ನ ದುಂಡು ಕನ್ನಡದಲ್ಲಿ ಬರೆದ. ಮೂವತ್ತು ಹೆಸರು.

ಮನವಿ ಇಂಗ್ಲಿಷಿನಲ್ಲಿರಬೇಕು ಅಂದರು. ಅಲ್ಲಿ ಕಂಠೆಪ್ಪ ಸಿಕ್ಕಿಬಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಯ ಶಟರು ಅರ್ಧ ಇಳಿದಿದ್ದಾಗ ಪಟ್ಟಿಯನ್ನು ಮುಮ್ತಾಜಳ ಮುಂದಿಟ್ಟು, "ಮೇಡಂ, ನನ್ನ ಅಕ್ಷರ ಸುಮಾರ ಅದಾವ. ನೀವು ಒಂದೀಟು ಚೆಂದಾಗಿ ಬರೀರಿ," ಅಂದ.

ಅವಳು ಪೆನ್ನು ತೆಗೆದಳು. ಬರೆಯುವ ಬದಲು ತನ್ನ ಚಟಕ್ಕೆ ಬಿದ್ದಳು.

"ಕಾಕಾ, ಆ ಬಾವಿ ನೀರು ಮತ್ಯಾರ ಕುಡೀತಾರ?"

"ಊರಾಗಿನ ಗೋವಾದ ಮಂದಿನೂ ಕುಡೀತಾರ, ಮಳಿಗಾಲ ಬಿಟ್ಟು."

"ಅವರ ಹುಡುಗೂರ ಹಲ್ಲ?"

ಕಂಠೆಪ್ಪ ಯೋಚಿಸಿರಲಿಲ್ಲ. ಅವು ಬೆಳ್ಳಗಿದ್ದವು.

"ನಾ ಸತ್ಯವ್ವಂದು ನೋಡೇನಿ. ಮೊನ್ನಿ ಶೀತದ ಗುಳಿಗಿಗೆ ಬಂದಾಗ," ಅಂದಳು ಮುಮ್ತಾಜ. ಪೆನ್ನಿನ ಟೋಪಿ ಹಾಕಿದಳು. "ನೀರಿನ ಹಲ್ಲ ನಮ್ಮ ಊರ ಕಡೆ ನೋಡೇನ್ರಿ, ಅವು ಸುಣ್ಣ ಸಿಡದಂಗ ಬಿಳೇ ಮಚ್ಚಿ ಇರ್ತಾವ. ಇವು ಹಂಗಿಲ್ಲ. ಪಟ್ಟಿ ಪಟ್ಟಿ ಅದಾವ. ಕಾಕಾ, ಈ ಮೂವತ್ತು ಮಂದಿಯೊಳಗ ನಿಮ್ಮ ಪುಡಿ ತಗೊಂಡವರು ಎಷ್ಟ ಮಂದಿ?"

"ಯಾವ ಪುಡಿ?"

"ಎಷ್ಟ ಪುಡಿ ಅದಾವ ನಿಮ್ಮವು?"

ಅವಳು ಎದ್ದು ಮೇಲಿನ ಹಲಗೆಯಿಂದ ಹೊಸ ಡಬ್ಬಿ ಇಳಿಸಿದಳು. ಮುಚ್ಚಳ ತೆಗೆದು ಮಡಿಚಿದ ತೆಳು ಕಾಗದವನ್ನು ಬಿಚ್ಚಿ ಕೌಂಟರಿನ ಮೇಲೆ ಹರವಿದಳು. ಬೆರಳಿಟ್ಟು ಒಂದೊಂದೇ ಸಾಲು ಕನ್ನಡ ಮಾಡಿ ಓದಿದಳು. ಎಂಟು ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು. ಬೆಳೆಯುವ ಎಲುಬಿಗೆ, ಹಲ್ಲಿಗೆ ಹೋಗಿ ಕೂಡುತ್ತದೆ. ಹಲ್ಲು ಕಾಯಂ ಆಗಿ ಹಳದಿ, ಕಂದು ಆಗುತ್ತದೆ.

ಕಂಠೆಪ್ಪನ ಮೊದಲ ಮಾತು ಸಿಟ್ಟಿನದು. "ನಿನ್ನೆ ಬಂದಾಕಿ ನೀ. ನೀ ಕುಂಡಿ ತೊಳಕೊಳ್ಳಾಕ ಕಲಿಯೂದಕ್ಕಿಂತ ಮೊದ್ಲ ನಾ ಈ ಪುಡಿ ಕೊಡಾಕತ್ತೇನಿ. ಒಂದ ಕೂಸ ಸತ್ತಿಲ್ಲ ನನ್ನ ಕೈಯಾಗ."

ಮುಮ್ತಾಜ ಡ್ರಾಯರು ಎಳೆದಳು. ಕತ್ತರಿಸಿಟ್ಟ ಚೌಕಗಳನ್ನು ಕೈತುಂಬ ತೆಗೆದು ಹರವಿದ ಕಾಗದದ ಪಕ್ಕದಲ್ಲಿ ಹಾಕಿದಳು. ಒಂದೇ ಕಾಗದ. ಅದೇ ಅಚ್ಚು. ಒಂದು ಚೌಕವನ್ನು ಎತ್ತಿ, ಅದರ ಮೇಲೆ ಉಳಿದಿದ್ದ ಅರ್ಧ ಸಾಲನ್ನು ಓದಿದಳು.

"ಎಂಟು ವರ್ಷದ ಒಳಗಿನ ಮಕ್ಕಳಿಗೆ, ಅಂತ ಐತ್ರಿ ಇದರಾಗ. ಮುಂದಿಂದು ನೀವ ಕತ್ತರಿಸೀರಿ."

ಕಂಠೆಪ್ಪ ಚೌಕವನ್ನು ನೋಡಿದ. ಹದಿನಾರು ವರ್ಷ. ವಿಷವನ್ನು, ಅದು ವಿಷ ಅಂತ ಬರೆದಿದ್ದ ಕಾಗದದಲ್ಲೇ ಮಡಿಚಿ, ತಾಯಂದಿರ ಕೈಗೆ ಕೊಟ್ಟಿದ್ದ. ಪ್ರತಿ ಪೊಟ್ಟಣವನ್ನೂ ಉಗುರಿನಿಂದ ಗೀರಿ ಅಂಚು ಚೆಂದ ಮಾಡಿದ್ದ. ಮೈಮೇಲೆ ಬಟ್ಟೆಯಿಲ್ಲದೆ ಪೇಟೆಯಲ್ಲಿ ನಿಂತ ಹಾಗಾಯಿತು ಅವನಿಗೆ.

"ಆ ಮಳಿಯಾಗ ನೀವು ಕೊಡದಿದ್ರ ಸತ್ಯವ್ವ ಉಳೀತಿದ್ಲೋ ಇಲ್ಲೋ, ಅಲ್ಲಾಗ ಗೊತ್ತು," ಅಂದಳು ಮುಮ್ತಾಜ. "ಅದನ್ನೂ ಹೇಳ್ರಿ. ಆದ್ರ ಉಳಿದ ಇಪ್ಪತ್ತೊಂಬತ್ತು ಮಂದಿ ಸಾಯಾಕತ್ತಿರ್ಲಿಲ್ಲ ಕಾಕಾ. ಅವರಿಗೆ ಬರೇ ಕೆಮ್ಮಿತ್ತು. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಈ ಮನವಿನೂ ಬರಿಯಂಗಿಲ್ಲ. ನೀವ ಹೋಗಿ ಹೇಳ್ರಿ."

ಸಂಜೆ ಕಂಠೆಪ್ಪ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ವಸತಿಯಲ್ಲಿ ಅಲೆದ. ಸುಳ್ಳಾಗಲಿ ಅಂತ ಅಲೆದ. ಗೋಮಿಬಾಯಿಯ ಗುಡಿಸಲ ಮುಂದೆ ಅವಳ ಮೂವರು ಮೊಮ್ಮಕ್ಕಳು ಕಬ್ಬು ಜಗಿಯುತ್ತಿದ್ದರು. ಅದೇ ಬಾವಿಯ ನೀರು. ಮೂವರ ಬಾಯಲ್ಲೂ ತೆಂಗಿನಕಾಯಿ ಒಡೆದಿಟ್ಟ ಹಾಗೆ ಹಲ್ಲು.

"ಯಾಕೋ, ನಮ್ಮ ಹುಡುಗೂರ ಬಾಯಿ ನೋಡಾಕತ್ತಿ?" ಅಂದಳು ಗೋಮಿಬಾಯಿ. "ಎತ್ತಿನ ಯಾಪಾರಕ್ಕ ಬಂದಿ ಏನ?"

ಅವನು ತಿರುಗಿದ. ಹೇಳಬೇಕಾಗಿದ್ದ ಪರಮಣ್ಣನ ಗುಡಿಸಲು ಅಲ್ಲಿಂದ ನಾಲ್ಕನೆಯದು. ಬಾಗಿಲ ತನಕ ಹೋದ. ಒಳಗೆ ಹನುಮವ್ವ, "ಕಂಠೆಪ್ಪ ಬಂದಾನ, ಮಣಿ ಹಾಕ," ಅಂತ ಮಗಳಿಗೆ ಹೇಳಿದ್ದು ಕೇಳಿಸಿತು. ದೇವರಿಗೆ ಮಣೆ ಹಾಕುವ ದನಿ. ಆ ದನಿ ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಕಚೇರಿಗೆ ಹೊರಡುವ ದಿನ ಕೇಳಿ ಬಂದ. ಅದಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಮನವಿಯನ್ನು ಪೋಂಡಾದ ಟೈಪಿಸ್ಟನೊಬ್ಬ ಹೊಡೆದುಕೊಟ್ಟ. ಚಳವಳಿಯಲ್ಲಿ ವೈರಿ ಯಾರು ಅಂತ ಗೊತ್ತಾದ ಮೇಲೆ ಕನ್ನಡಿ ನೋಡಿಕೊಳ್ಳುವವರು ಕಡಿಮೆ. ಕಂಠೆಪ್ಪ ನೋಡಿಕೊಂಡಿದ್ದ, ಆದರೂ ಘೋಷಣೆ ಬರೆದ ಹಲಗೆ ಹಿಡಿದು ಮೊದಲ ಸಾಲಿನಲ್ಲೇ ನಡೆದ.

ಕಚೇರಿಯ ಅಂಗಳದಲ್ಲಿ ಇನ್ನೂರು ಮಂದಿ ಕೂತರು. ಮಾಮ್ಲೇದಾರ ಬುದ್ಧಿವಂತ, ಸರ್ಕಾರಿ ಹಲ್ಲಿನ ಡಾಕ್ಟರೊಬ್ಬರನ್ನು ಕರೆಸಿ ಕೂರಿಸಿದ್ದ. ಗಣಿ ಕಂಪನಿಯ ಒಬ್ಬ ಆಫೀಸರನೂ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮುಖಂಡರು ಒಳಗೆ ಬರಲಿ ಅಂದರು. ಪರಮಣ್ಣ, ಹನುಮವ್ವ, ಸತ್ಯವ್ವ, ಮತ್ತು ಮಾತು ತಿಳಿದವನು ಅಂತ ಕಂಠೆಪ್ಪ.

"ಬಾಯಿ ತೆಗಿ ಮಗಳ," ಅಂದ ಪರಮಣ್ಣ.

ಸತ್ಯವ್ವ ತೆಗೆಯಲಿಲ್ಲ. ತುಂಬಿದ ಕಚೇರಿಯಲ್ಲಿ, ಗುಮಾಸ್ತರ ಮುಂದೆ, ಸೆರಗು ಇನ್ನಷ್ಟು ಒತ್ತಿ ಹಿಡಿದಳು. ಪರಮಣ್ಣ ಅವಳ ಕೈ ಎಳೆದು ಸರಿಸಿದ. ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ಗುಮಾಸ್ತರೂ ಕತ್ತು ಉದ್ದ ಮಾಡಿ ನೋಡಿದರು. ಹುಡುಗಿಯ ಕಣ್ಣಿಂದ ನೀರು ಇಳಿದು ತೆರೆದ ಬಾಯಿಯ ಅಂಚಿಗೆ ಬಂತು. ಕಂಠೆಪ್ಪ ನೆಲ ನೋಡುತ್ತ ನಿಂತಿದ್ದ.

"ಚಿಕ್ಕವಳಿದ್ದಾಗ ಏನಾದರೂ ಔಷಧ ತಗೊಂಡಿದ್ದಳೇ?" ಅಂತ ಡಾಕ್ಟರು ಕೊಂಕಣಿಯಲ್ಲಿ ಕೇಳಿದರು.

ಕಂಠೆಪ್ಪನ ಬಾಯಿ ತಾನಾಗಿಯೇ ಸುಳ್ಳು ಹೇಳಿತು. "ಜ್ವರದ್ದು ಸಾಹೇಬ್ರ. ಬಿಳೇ ಪುಡಿ."

"ಬಿಳೇದು ಎಲ್ಲಿತ್ತೋ?" ಅಂದಳು ಹನುಮವ್ವ. ಅವನನ್ನು ಹೊಗಳುವ ಉಮೇದಿನಲ್ಲಿ ಅವಳ ಮುಖ ಅರಳಿತ್ತು. ಹರಕು ಕೊಂಕಣಿ, ಹರಕು ಹಿಂದಿ ಸೇರಿಸಿ ಡಾಕ್ಟರಿಗೆ ತಾನೇ ಹೇಳಿದಳು: ಹಳದಿ ಪುಡಿ ಸಾಹೇಬಾ, ಅರಿಷಿಣದಂಥದು. ಇವನೇ ಕೊಟ್ಟಿದ್ದು, ನನ್ನ ಕೂಸನ್ನು ಉಳಿಸಿದ್ದು ಇವನೇ. ನಮ್ಮ ವಸತಿಯ ಎಲ್ಲ ಮಕ್ಕಳಿಗೂ ಇವನೇ ಕೊಟ್ಟದ್ದು, ಒಂದು ಮಗುವನ್ನೂ ಸಾಯಲು ಬಿಡಲಿಲ್ಲ.

ಡಾಕ್ಟರು ಕಂಠೆಪ್ಪನನ್ನು ನೋಡಿದರು. ಬಹಳ ಹೊತ್ತು ನೋಡಲಿಲ್ಲ, ಒಂದು ಚೀಟಿ ಓದುವಷ್ಟು ಹೊತ್ತು. ಆಮೇಲೆ ಮಾಮ್ಲೇದಾರನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಉದ್ದನೆಯ ವಾಕ್ಯ. ಅದರಲ್ಲಿ ಕಂಠೆಪ್ಪನಿಗೆ ತಿಳಿದದ್ದು ಒಂದೇ ಹೆಸರು. ಇಪ್ಪತ್ತು ವರ್ಷ ಡಬ್ಬಿಯ ಮೇಲೆ ಓದಿದ ಹೆಸರು. ಕಂಪನಿಯ ಆಫೀಸರನು ಕಾಲು ಕೆಳಗಿಳಿಸಿ ಸಣ್ಣಗೆ ನಕ್ಕ.

"ಏನಂದ್ರೋ ಕಂಠೆಪ್ಪ, ಸಾಹೇಬ್ರು?" ಅಂತ ಕೇಳಿದ ಪರಮಣ್ಣ.

ಎಲ್ಲರೂ ಕಾಯುತ್ತಿದ್ದರು. ನೀರು ಅನ್ನಬಹುದಿತ್ತು. ಮುಂದೆ ಪರೀಕ್ಷೆ ಮಾಡುತ್ತಾರಂತೆ ಅನ್ನಬಹುದಿತ್ತು. ಸತ್ಯವ್ವ ಸೆರಗಿನ ಮರೆಯಿಂದ ಅವನನ್ನೇ ನೋಡುತ್ತಿದ್ದಳು.

"ನೀರಿಂದಲ್ಲಂತ," ಅಂದ ಕಂಠೆಪ್ಪ. "ನನ್ನ ಪುಡಿಯಿಂದಂತ. ಖರೇನೂ ಐತಿ ಪರಮಣ್ಣ. ನನಗ ಗೊತ್ತಾಗಿ ಒಂಬತ್ತ ದಿನ ಆತು."

ಪರಮಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೂ ಬೇರೆಯೇ. ಅವನು ಕಂಪನಿಯ ಆಫೀಸರನ ನಗು ನೋಡಿದ, ಕಂಠೆಪ್ಪನನ್ನು ನೋಡಿದ.

"ಎಷ್ಟ ತಿಂದ್ಯೋ?" ಅಂದ.

"ಪರಮಣ್ಣ, ತಿಂದಿಲ್ಲೋ..."

"ಒಂಬತ್ತ ದಿನದಿಂದ ಗೊತ್ತಿದ್ರ ಹಲಗಿ ಹಿಡಕೊಂಡ ಯಾಕ ಬಂದಿ? ನಮ್ಮನ್ನ ಇಲ್ಲಿತನ ಕರಕೊಂಡ ಬಂದು, ಇವನ ಮುಂದ ಮಾರಿದಿ. ಥೂ ನಿನ್ನ!"

ಉಗುಳು ಕಂಠೆಪ್ಪನ ಅಂಗಿಯ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ. ಹನುಮವ್ವನ ಮುಖದಲ್ಲಿ ಅರಳಿದ್ದು ಅಲ್ಲೇ, ನಿಂತ ನಿಲುವಿನಲ್ಲೇ ಒಣಗಿದ್ದನ್ನು ಅವನು ನೋಡಿದ. ಉಗುಳು ಅದರ ಮುಂದೆ ಏನೂ ಅಲ್ಲ.

ಮನವಿ ಬಿದ್ದುಹೋಯಿತು. ಬಾವಿಯ ನೀರು ಕೆಂಪಗೇ ಉಳಿಯಿತು. ಅದು ಕೆಟ್ಟ ನೀರೇ. ಹೊಟ್ಟೆಯನ್ನು, ಚರ್ಮವನ್ನು ಕೆಡಿಸುತ್ತಿತ್ತು. ಹಲ್ಲಿನ ಬದಲು ಅದನ್ನೇ ಹಿಡಿದು ಕೂತಿದ್ದರೆ ಕಂಪನಿಗೆ ಉತ್ತರವಿರಲಿಲ್ಲ. ಇನ್ನು ಯಾರಾದರೂ ನೀರಿನ ಮಾತೆತ್ತಿದರೆ ಗೇಟಿನ ಕಾವಲುಗಾರನೂ, "ಹೋಗ್ರಿ, ನಿಮ್ಮ ಡಾಕ್ಟರನ್ನ ಕೇಳ್ರಿ," ಅಂತ ನಗುವ ಹಾಗಾಯಿತು. ಮಕ್ಕಳ ಹಲ್ಲು ಕೆಡಿಸಿದ್ದು ಕಂಠೆಪ್ಪನ ತಿಳಿಗೇಡಿತನ, ಅದಕ್ಕೆ ಕ್ಷಮೆ ಇದ್ದೀತು. ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು.

ತಿಂಗಳು ಕಳೆದ ಮೇಲೆ ಲಂಚದ ಮಾತು ಸತ್ತಿತು. ಪುಡಿಯ ಮಾತನ್ನು ಜನ ನಂಬಿದರು. ನಂಬಿದ್ದು ಇನ್ನೂ ಕೆಟ್ಟದಾಯಿತು. "ಅವನಿಗೆ ಮೊದಲ ಗೊತ್ತಿತ್ತು. ಅದಕ್ಕ ತನ್ನ ಮಕ್ಕಳನ್ನ ಊರಾಗ ಇಟ್ಟಾನ. ನೋಡಿರೇನ ಅವರ ಹಲ್ಲ?" ಅಂತ ಬಾವಿಯ ಕಟ್ಟೆಯಲ್ಲಿ ಹೆಂಗಸರು ಅಂದದ್ದು ಅವನ ಕಿವಿಗೆ ಬಿತ್ತು. ಅದು ಸುಳ್ಳು ಅಂತ ಸಾಧಿಸಲು ಅವನ ಹತ್ತಿರ ಏನಿತ್ತು? ಮೇ ತಿಂಗಳಲ್ಲಿ ಊರಿಗೆ ಹೋದಾಗ ಮಗ ನಗುತ್ತ ಎದುರು ಬಂದ. ಕಂಠೆಪ್ಪ ಆ ಬೆಳ್ಳಗಿನ ನಗು ನೋಡಲಾಗದೆ ಕಾಲು ತೊಳೆಯುವ ನೆಪದಲ್ಲಿ ಬಾಗಿದ.

ಅಂಗಡಿ ಬಿಡುತ್ತೇನೆ ಅಂತ ಪಾತ್ರಾಂವನಿಗೆ ಹೇಳಿದ. ಬಿಡಗೊಡದವಳು ಮುಮ್ತಾಜ.

"ಚೀಟಿ ಯಾರ ಓದ್ತಾರ?" ಅಂದಳು. "ನನಗ ಇನ್ನೂ ಆ ಪೋಂಡಾದ ಡಾಕ್ಟರಂದು ಬರಂಗಿಲ್ಲ."

"ಕಲತೀರಲ್ಲ."

"ಪೂರಾ ಕಲತಿಲ್ಲ. ನಾಚಿಗಿ ಬಂದ್ರ ಕೂತು ಕೆಲಸ ಮಾಡ್ರಿ ಕಾಕಾ, ಓಡಿ ಹೋಗಬ್ಯಾಡ್ರಿ."

ಉಳಿದ. ಒಂದೇ ಬದಲಾವಣೆ. ಗಿರಾಕಿಗೆ ಅವನು ನೇರವಾಗಿ ಏನನ್ನೂ ಕೊಡುವುದಿಲ್ಲ. ಹೆಸರು ಓದಿ ಹೇಳುತ್ತಾನೆ, ಹಲಗೆಯಿಂದ ಇಳಿಸುತ್ತಾನೆ. ಕೇಳುವುದು, ಕೊಡುವುದು, ಬೇಡ ಅನ್ನುವುದು ಅವಳ ಕೆಲಸ. ಹೊಸ ಡಬ್ಬಿ ಬಂದಾಗ ಮಾತ್ರ ಒಳಗಿನ ಕಾಗದವನ್ನು ಬಿಚ್ಚಿ, "ಇದೇನ ಬರದಾರ?" ಅಂತ ಅವಳ ಮುಂದೆ ಹಿಡಿಯುತ್ತಾನೆ, ನಲವತ್ತು ವರ್ಷದ ಗಂಡಸು. ಅವಳು ಓದುತ್ತಾಳೆ. ಅವನು ಒಂದು ವಹಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ. ದಾರದ ಗಂಟು ಇಬ್ಬರೂ ಹಾಕುತ್ತಾರೆ.

ತೊಂಬತ್ತೆಂಟರ ದೀಪಾವಳಿಯ ಮುಂದೆ ಸತ್ಯವ್ವ ಬಂದಳು. ಮದುವೆಯಾಗಿರಲಿಲ್ಲ. ಗೋಡಂಬಿ ಕಾರ್ಖಾನೆಗೆ ಹೋಗುತ್ತಿದ್ದಳು. ಕೈಗೆ ಗೋಡಂಬಿಯ ಸೊನೆ ಸಿಡಿದು ಸುಟ್ಟಿತ್ತು. ಬಾಯಿಗೆ ಎಂದಿನ ಸೆರಗು. ಚೀಟಿಯನ್ನು ಮುಮ್ತಾಜಳ ಮುಂದಿಟ್ಟಳು. ಮುಮ್ತಾಜ ನೋಡಿದಳು, ತಿರುಗಿಸಿದಳು, ಕೊನೆಗೆ ಕಂಠೆಪ್ಪನ ಕಡೆ ಸರಿಸಿದಳು.

ಅವನು ಓದಿ ಹೆಸರು ಹೇಳಿದ. ಮುಖ ಚೀಟಿಯ ಮೇಲೇ ಬಾಗಿತ್ತು.

"ಏನ? ಕೇಳಸ್ಲಿಲ್ಲ," ಅಂದಳು ಸತ್ಯವ್ವ.

ಇನ್ನೊಮ್ಮೆ ಹೇಳಿದ. ಮುಮ್ತಾಜ ಮುಲಾಮು ಇಳಿಸಲು ಹಿಂದಕ್ಕೆ ಹೋದಳು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಆಗ ಸತ್ಯವ್ವ ಬಾಯಿಯ ಮೇಲಿನ ಸೆರಗನ್ನು ತೆಗೆದಳು. ಅವಸರವಿಲ್ಲದೆ ತೆಗೆದು ಹೆಗಲಿಗೆ ಹಾಕಿಕೊಂಡಳು. ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ, ಅವನ ಕಣ್ಣಿಗೆ ಕಣ್ಣು ಕೊಟ್ಟು, ಎರಡೂ ಸಾಲು ಹಲ್ಲು ಕಾಣುವ ಹಾಗೆ ನಕ್ಕಳು.

"ಆರಾಮ ಅದೀಯೇನ ಕಾಕಾ?" ಅಂದಳು.

ಕಂಠೆಪ್ಪ ತಲೆ ತಗ್ಗಿಸಬೇಕೆಂದುಕೊಂಡ. ಅವಳು ಬಿಡಲಿಲ್ಲ, ನಗುತ್ತಲೇ ಇದ್ದಳು. ಮುಮ್ತಾಜಳ ಹೆಜ್ಜೆ ಕೇಳಿಸಿದ್ದೇ ಸೆರಗು ಮತ್ತೆ ಬಾಯಿಗೆ ಹೋಯಿತು. ಮುಲಾಮು ತೆಗೆದುಕೊಂಡು ಇಳಿದು ಹೋದಳು. ಆಮೇಲೂ ಆಗಾಗ ಬರುತ್ತಿದ್ದಳು, ಒಂದು ಗುಳಿಗೆಗೋ ಬ್ಯಾಂಡೇಜಿಗೋ. ಲೋಕದ ಎದುರೆಲ್ಲ ಮುಚ್ಚುವ ಬಾಯನ್ನು ಆ ಕೌಂಟರಿನ ಮುಂದೆ ಮಾತ್ರ ತೆರೆಯುತ್ತಿದ್ದಳು.